ಆಟಕ್ಕುಂಟು, ಲೆಕ್ಕಕ್ಕೂ ಉಂಟು!

ಐದು ನಿಮಿಷ ಹದಿನಾಲ್ಕು ಸೆಕೆಂಡು. ಇಷ್ಟು ಹೊತ್ತಲ್ಲಿ ನೀವೇನು ಮಾಡಬಹುದು ಹೇಳಿ? ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಮೊಬೈಲಿನಲ್ಲಿ ಹತ್ತು ರೀಲ್ಸ್ ನೋಡಿ, ಹತ್ತನ್ನೂ ಮರೆತುಬಿಡಬಹುದು. ಮೈಸೂರು ಜಿಲ್ಲೆ, ತಿ. ನರಸೀಪುರ ತಾಲ್ಲೂಕು, ಕುರುಬೂರು ಅನ್ನೋ ಊರಿನ ಒಬ್ಬ ಹೆಣ್ಣುಮಗಳು ಅಷ್ಟು ಹೊತ್ತಲ್ಲಿ ಏನು ಮಾಡಿದಳು ಗೊತ್ತಾ? ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ, ವಿಶ್ವಕಪ್ ಫೈನಲ್‌ನಲ್ಲಿ, ಅಟ್ಟಿಸಿಕೊಂಡು ಬಂದ ಎದುರಾಳಿಗಳ ಕೈಗೆ ಸಿಗದೆ ತನ್ನ ಬ್ಯಾಚನ್ನು ಮುನ್ನಡೆಸಿದಳು.

ಬಿ. ಚೈತ್ರಾ. ದಿನಾಂಕ 19 ಜನವರಿ 2025. ಮೊಟ್ಟಮೊದಲ ಖೋ ಖೋ ವಿಶ್ವಕಪ್. ಮಹಿಳೆಯರ ಫೈನಲ್‌ನಲ್ಲಿ ಭಾರತ 78, ನೇಪಾಳ 40. ಫೈನಲ್‌ನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಹೋಗಿದ್ದು ಕುರುಬೂರಿಗೆ.

ಈ ಸುದ್ದಿ ಬಂದ ಕೆಲವೇ ದಿನಕ್ಕೆ ನನ್ನ ಪರಿಚಯದವರೊಬ್ಬರು ಹೇಳಿದ ಮಾತು ಇದು: ‘ಸಾರ್, ಇದನ್ನ ಸಿನಿಮಾ ಮಾಡಬೇಕು. ಸಿನಿಮಾ ಆದ್ರೆ ಜನಕ್ಕೆ ಮುಟ್ಟುತ್ತೆ.’ ಆ ಮಾತು ಕೇಳಿ ನಾನು ಯೋಚನೆಗೆ ಬಿದ್ದೆ. ಆಟ ನಡೆದದ್ದು ನಿಜ. ಗೆದ್ದದ್ದು ನಿಜ. ಹಾಗಿದ್ದೂ ಅದು ಜನಕ್ಕೆ ಮುಟ್ಟಬೇಕು ಅಂದ್ರೆ ಒಬ್ಬ ನಟಿ ಬಂದು ಅದನ್ನ ಮತ್ತೆ ಮಾಡಿ ತೋರಿಸಬೇಕಾ? ಯಾವುದು ನಮ್ಮನ್ನು ಹೆಚ್ಚು ಎಬ್ಬಿಸುತ್ತೆ? ಸೋಲ್ತಾನೆ ಅಂದುಕೊಂಡವನು ಗೆಲ್ಲೋ ಸಿನಿಮಾನಾ, ಇಲ್ಲ ಕಣ್ಣೆದುರೇ ನಡೆಯೋ ಆಟಾನಾ?

ಇಂಗ್ಲಿಷ್‌ನವರು ಇಂಥವರನ್ನು ‘ಅಂಡರ್‌ಡಾಗ್’ ಅಂತಾರೆ. ನಮ್ಮಲ್ಲಿ ಅದಕ್ಕಿಂತ ಚೆನ್ನಾಗಿರೋ ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕವರಿದ್ದಾಗ ಬೀದಿಯಲ್ಲಿ ಆಡುವಾಗ, ಜೊತೆಗೆ ಬಂದ ಪುಟ್ಟ ತಮ್ಮನನ್ನೋ ತಂಗಿಯನ್ನೋ ಹಾಗೆ ಸೇರಿಸಿಕೊಳ್ತಿದ್ವಲ್ಲ, ಅದೇ. ಓಡಬಹುದು, ಕೂಗಬಹುದು, ಬಿದ್ದು ಮೊಣಕಾಲು ಕಿತ್ತುಕೊಳ್ಳಬಹುದು. ಆದರೆ ಲೆಕ್ಕ ಹಾಕುವಾಗ ಅವರಿಲ್ಲ. ಇವತ್ತಿನ ನನ್ನ ಮಾತು ಆ ಲೆಕ್ಕಕ್ಕಿಲ್ಲದವರ ಚರಿತ್ರೆ.

ಮೊದಲು ಸಿನಿಮಾದಿಂದಲೇ ಶುರು ಮಾಡೋಣ. 2001ರಲ್ಲಿ ಅಶುತೋಷ್ ಗೋವಾರಿಕರ್ ಅವರ ‘ಲಗಾನ್’ ಬಂತು. 1893ರ ಚಂಪಾನೇರ್ ಅನ್ನೋ ಹಳ್ಳಿ. ಮಳೆ ಇಲ್ಲ, ಕಂದಾಯ ಕಟ್ಟೋಕೆ ದುಡ್ಡಿಲ್ಲ. ಬ್ರಿಟಿಷ್ ಅಧಿಕಾರಿ ಸವಾಲು ಹಾಕ್ತಾನೆ, ಕ್ರಿಕೆಟ್‌ನಲ್ಲಿ ಗೆದ್ದರೆ ಕಂದಾಯ ಮಾಫಿ. ಮುಂದಿನದು ನಿಮಗೆಲ್ಲಾ ಗೊತ್ತು. ಕೊನೆಯ ಚೆಂಡಿಗೆ ಸಿಕ್ಸರ್. ಕಥೆ ಪೂರ್ತಿ ಕಲ್ಪನೆ. ಅಂಥ ಪಂದ್ಯ ನಡೆದೇ ಇಲ್ಲ. ಆದರೂ ಥಿಯೇಟರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಸಿನಿಮಾದಲ್ಲಿ ಕಚ್ರಾ ಅಂತ ಒಂದು ಪಾತ್ರ. ಊರ ಹೊರಗಿನವನು, ಅಸ್ಪೃಶ್ಯ, ಚೆಂಡು ತಿರುಗಿಸುವ ಕೈಚಳಕ ಇರುವವನು. ಅವನನ್ನು ತಂಡಕ್ಕೆ ಸೇರಿಸಿಕೊಳ್ಳಬಾರದು ಅಂತ ಊರು ತಿರುಗಿಬೀಳುತ್ತೆ. ನಾಯಕ ಭುವನ್ ಒಂದು ಭಾಷಣ ಮಾಡ್ತಾನೆ. ಊರು ತಲೆತಗ್ಗಿಸುತ್ತೆ. ಕಚ್ರಾ ತಂಡಕ್ಕೆ ಬರ್ತಾನೆ, ಹ್ಯಾಟ್ರಿಕ್ ತೆಗೀತಾನೆ.

ಈಗ ನಿಜದ ಕಥೆ ಕೇಳಿ. 1876ರಲ್ಲಿ ನಮ್ಮ ಧಾರವಾಡದಲ್ಲಿ ಒಬ್ಬ ಹುಡುಗ ಹುಟ್ಟಿದ. ಹೆಸರು ಪಲ್ವಂಕರ್ ಬಾಲೂ. ಚಮ್ಮಾರ ಸಮುದಾಯದ ದಲಿತ ಕುಟುಂಬ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳೋ ಕೆಲಸ. ಅಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡ್ತಾ ಮಾಡ್ತಾ ದೇಶದ ಶ್ರೇಷ್ಠ ಎಡಗೈ ಸ್ಪಿನ್ನರ್ ಆಗಿ ಬೆಳೆದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಟೀ ವಿರಾಮದಲ್ಲಿ ಅವರಿಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಟೀ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಬೇಕಾ ಸ್ವಾಮಿ?

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು. ಆ ಗೆಲುವಿನಲ್ಲಿ ಬಾಲೂ ಕೈ ದೊಡ್ಡದಿತ್ತು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಅವರು ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ನಾಯಕನಾಗಿ ಅವರನ್ನು ಆರಿಸಲಿಲ್ಲ. ಆ ಮನೆಗೆ ನಾಯಕತ್ವ ಬಂದಿದ್ದು 1923ರಲ್ಲಿ, ಅದೂ ಅವರ ತಮ್ಮ ವಿಠ್ಠಲ್‌ಗೆ.

ಲೆಕ್ಕ ಹಾಕಿ. 1906ರಿಂದ 1923. ಹದಿನೇಳು ವರ್ಷ. ಸಿನಿಮಾದಲ್ಲಿ ಒಂದು ಭಾಷಣಕ್ಕೆ ಆಗಿಹೋದ ಕೆಲಸಕ್ಕೆ ನಿಜದಲ್ಲಿ ಹದಿನೇಳು ವರ್ಷ ಹಿಡಿಯಿತು. ಇದು ಸಿನಿಮಾದ ತಪ್ಪು ಅಂತ ನಾನು ಹೇಳ್ತಿಲ್ಲ. ಮೂರು ಮುಕ್ಕಾಲು ಗಂಟೆಯೊಳಗೆ ಕಥೆ ಮುಗಿಸಬೇಕಲ್ಲ, ಪಾಪ. ಆದರೆ ಒಂದು ಅಪಾಯ ಇದೆ. ಒಂದು ಒಳ್ಳೆ ಮಾತು ಆಡಿಬಿಟ್ಟರೆ ಊರು ಬದಲಾಗುತ್ತೆ ಅಂತ ನಾವು ನಂಬಿಬಿಡ್ತೀವಿ. ಊರು ಹಾಗೆ ಬದಲಾಗಲ್ಲ. ಒಂದು ವಿಕೆಟ್, ಇನ್ನೊಂದು ವಿಕೆಟ್, ಮತ್ತೊಂದು ವಿಕೆಟ್... ವರ್ಷಗಟ್ಟಲೆ ಯಾರೂ ಅಲ್ಲಗಳೆಯೋಕೆ ಆಗದ ಹಾಗೆ ಆಡ್ತಾ ಹೋದಾಗ, ಆಗ ಸ್ವಲ್ಪ ಸ್ವಲ್ಪ ಅಲುಗಾಡುತ್ತೆ.

ಇನ್ನೊಂದು ಉದಾಹರಣೆ. 2016ರ ‘ದಂಗಲ್’. ಗೀತಾ ಫೋಗಟ್ 2010ರ ದೆಹಲಿ ಕಾಮನ್ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಕಥೆ. ಸಿನಿಮಾದಲ್ಲಿ ಫೈನಲ್ ಹೇಗಿದೆ? ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕ್ತಾರೆ, ಮಗಳು ಹಿಂದೆ ಬಿದ್ದಿದ್ದಾಳೆ, ಕೊನೇ ಕ್ಷಣದಲ್ಲಿ ಐದು ಅಂಕದ ಪಟ್ಟು, ಗೆಲುವು. ನಮ್ಮ ಎದೆ ಬಾಯಿಗೆ ಬಂದಿರುತ್ತೆ. ನಿಜದಲ್ಲಿ? ಗೀತಾ ಆಸ್ಟ್ರೇಲಿಯಾದ ಎದುರಾಳಿಯನ್ನು ಮೊದಲ ಸುತ್ತಿನಲ್ಲಿ 1-0, ಎರಡನೇ ಸುತ್ತಿನಲ್ಲಿ 7-0 ಅಂತ ಮಣಿಸಿದರು. ಅಪ್ಪನನ್ನು ಯಾರೂ ಕೂಡಿಹಾಕಿರಲಿಲ್ಲ.

ಇಲ್ಲೊಂದು ತಮಾಷೆ ನೋಡಿ. ಸಾಮಾನ್ಯವಾಗಿ ಸಿನಿಮಾದವರು ಸಣ್ಣ ಗೆಲುವನ್ನು ದೊಡ್ಡದು ಮಾಡ್ತಾರೆ ಅಂತ ನಾವು ಬೈತೀವಿ. ಇಲ್ಲಿ ಉಲ್ಟಾ. ದೊಡ್ಡ ಗೆಲುವನ್ನು ಸಣ್ಣದು ಮಾಡಿದರು! ಯಾಕೆ? ಯಾಕಂದ್ರೆ ಸುಲಭವಾಗಿ ಗೆದ್ದರೆ ಪ್ರೇಕ್ಷಕನಿಗೆ ರೋಚಕ ಅನ್ನಿಸಲ್ಲ. ಆದರೆ ಯೋಚನೆ ಮಾಡಿ, ಹರಿಯಾಣದ ಒಂದು ಹಳ್ಳಿಯ ಹೆಣ್ಣುಮಗಳು ಅಂತರರಾಷ್ಟ್ರೀಯ ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ ಅಂದ್ರೆ, ಅದರ ಹಿಂದೆ ಎಷ್ಟು ವರ್ಷದ ಮಣ್ಣು, ಎಷ್ಟು ಬೆಳಗಿನ ಜಾವ ಇರಬೇಕು? ಅದೃಷ್ಟದಿಂದ ಕೊನೇ ಸೆಕೆಂಡಿನಲ್ಲಿ ಗೆಲ್ಲಬಹುದು. ಅದೃಷ್ಟದಿಂದ 7-0 ಗೆಲ್ಲೋಕೆ ಆಗಲ್ಲ.

ಕುರುಬೂರಿನ ಕಥೆಯನ್ನೂ ಇದೇ ತಕ್ಕಡಿಯಲ್ಲಿ ಇಟ್ಟು ನೋಡಿ. ನಾಳೆ ಯಾರಾದರೂ ಸಿನಿಮಾ ಮಾಡಿದರೆ ಅಲ್ಲಿ 78-40 ಇರಲ್ಲ, ಬರೆದಿಟ್ಟುಕೊಳ್ಳಿ. 41-40 ಇರುತ್ತೆ. ಕೊನೇ ಮೂರು ಸೆಕೆಂಡ್ ಸ್ಲೋ ಮೋಷನ್ ಇರುತ್ತೆ. ನಿಜದ ಫೈನಲ್ ಹಾಗಿರಲಿಲ್ಲ. ಖೋ ಖೋ ವಿಶ್ವಕಪ್‌ನಲ್ಲಿ ಒಂದೊಂದು ಟರ್ನ್ ಏಳು ನಿಮಿಷ. ಪ್ರತಿ ತಂಡ ಎರಡು ಸಲ ಅಟ್ಟಿಸಬೇಕು, ಎರಡು ಸಲ ಓಡಬೇಕು. ಓಡುವವರು ಮೂರು ಮೂರು ಜನರ ಬ್ಯಾಚಿನಲ್ಲಿ ಬರ್ತಾರೆ. ಮೂರನೇ ಟರ್ನ್ ಮುಗಿದಾಗ ಭಾರತ 73, ನೇಪಾಳ 24. ಅಂದ್ರೆ ಪಂದ್ಯ ಹೆಚ್ಚೂ ಕಮ್ಮಿ ಮುಗಿದಿತ್ತು. ಕೊನೇ ಟರ್ನ್‌ನಲ್ಲಿ ಚೈತ್ರಾ ಇದ್ದ ಬ್ಯಾಚು ಓಡೋಕೆ ಇಳಿಯಿತು.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಎದ್ದು ಕೂರ್ತಾನೆ, ಸಹಿಸಿಕೊಳ್ಳಿ. ಓಡುವ ಬ್ಯಾಚು ಮೂರು ನಿಮಿಷ ಪೂರ್ತಿ ಸಿಕ್ಕಿಬೀಳದೆ ಉಳಿದರೆ ಅದಕ್ಕೆ ‘ಡ್ರೀಮ್ ರನ್’ ಅಂತಾರೆ, ಒಂದು ಅಂಕ. ಆಮೇಲೆ ಪ್ರತಿ 30 ಸೆಕೆಂಡಿಗೆ ಇನ್ನೊಂದು. ಇವರು ಉಳಿದದ್ದು 5 ನಿಮಿಷ 14 ಸೆಕೆಂಡು. ಮೂರು ನಿಮಿಷಕ್ಕೆ ಒಂದು, ಮೂರೂವರೆಗೆ ಎರಡು, ನಾಲ್ಕಕ್ಕೆ ಮೂರು, ನಾಲ್ಕೂವರೆಗೆ ನಾಲ್ಕು, ಐದಕ್ಕೆ ಐದು. 73ಕ್ಕೆ ಐದು ಕೂಡಿದರೆ 78. ಗೆಲುವು ಹತ್ತಿರ ಬಂದಾಯ್ತು, ಇನ್ಯಾಕೆ ಓಡಬೇಕು ಅಂತ ಅವರು ನಿಲ್ಲಲಿಲ್ಲ. ಗೆದ್ದ ಮೇಲೂ ಓಡಿದರು. ಯಾವ ಚಿತ್ರಕಥೆಗಾರನೂ ಈ ದೃಶ್ಯ ಬರೆಯಲ್ಲ. ನನ್ನನ್ನು ಕೇಳಿದರೆ ಇಡೀ ಪಂದ್ಯದಲ್ಲಿ ಮಕ್ಕಳಿಗೆ ತೋರಿಸಬೇಕಾದ ಭಾಗ ಇದೇ.

‘ಅಲ್ಲಾ ಸ್ವಾಮಿ, ಇಷ್ಟು ಸುಲಭವಾಗಿ ಗೆದ್ದವರು ಅಂಡರ್‌ಡಾಗ್ ಹೇಗಾಗ್ತಾರೆ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ಟೂರ್ನಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಕೊರಿಯಾವನ್ನು 175-18ರಿಂದ ಸೋಲಿಸಿದ್ದರು. ಮ್ಯಾಟ್ ಮೇಲೆ ಅವರು ಯಾವತ್ತೂ ದುರ್ಬಲರಲ್ಲ. ಆದರೆ ಮ್ಯಾಟಿನಿಂದ ಹೊರಗೆ ಬನ್ನಿ. ಖೋ ಖೋಗೆ ಪುಣೆಯ ಡೆಕ್ಕನ್ ಜಿಮ್ಖಾನಾ ನಿಯಮಗಳನ್ನು ರೂಪಿಸಿದ್ದು 20ನೇ ಶತಮಾನದ ಆರಂಭದಲ್ಲಿ. ಅದಕ್ಕೊಂದು ವಿಶ್ವಕಪ್ ಸಿಕ್ಕಿದ್ದು 2025ರಲ್ಲಿ. ನೂರು ವರ್ಷ ದಾಟಿತು. ಶಾಲೆಯಲ್ಲಿ ಎಲ್ಲರೂ ಆಡಿದ ಆಟ, ಶಾಲೆ ಮುಗಿದ ಮೇಲೆ ಯಾರೂ ಕೇಳದ ಆಟ. ಬ್ಯಾಟು ಬೇಡ, ಬಾಲು ಬೇಡ, ಶೂ ಕೂಡ ಬೇಡ. ಎಂಟು ಮಕ್ಕಳು ಒಂದು ಸಾಲಿನಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂತರೆ, ಒಂಬತ್ತನೆಯವನು ಅಟ್ಟಿಸಿಕೊಂಡು ಹೊರಟರೆ ಆಟ ಶುರು. ದುಡ್ಡು ಬೇಡದ ಆಟ ಅಂತಲೇ ಬಡವರ ಮಕ್ಕಳ ಕೈಗೆ ಬಂತು. ದುಡ್ಡು ಬೇಡದ ಆಟ ಅಂತಲೇ ದುಡ್ಡಿದ್ದವರು ಅದರ ಕಡೆ ತಿರುಗಿ ನೋಡಲಿಲ್ಲ. ಇಲ್ಲಿ ಲೆಕ್ಕಕ್ಕಿಲ್ಲದೆ ಹೋಗಿದ್ದು ಆ ಆಟ. ಆ ಆಟದ ಜೊತೆಗೆ ರೈತಾಪಿ ಮನೆಯ ಹೆಣ್ಣುಮಕ್ಕಳು.

ಈಗ ಕಣ್ಣೆದುರು ನಡೆಯೋ ಆಟದ ಶಕ್ತಿ ಏನು ಅಂತ ನೋಡೋಣ.

21 ಅಕ್ಟೋಬರ್ 1996. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟೈಟಾನ್ ಕಪ್, ಎದುರಾಳಿ ಆಸ್ಟ್ರೇಲಿಯಾ. ಗುರಿ 216. ಸಚಿನ್ ತೆಂಡೂಲ್ಕರ್ 88ಕ್ಕೆ ಔಟಾದಾಗ ಭಾರತ 164ಕ್ಕೆ 8. ಆ ಕಾಲದಲ್ಲಿ ಸಚಿನ್ ಔಟಾದರೆ ಮನೆಮನೆಯಲ್ಲಿ ಏನಾಗ್ತಿತ್ತು ಅಂತ ನಿಮಗೆ ನೆನಪಿದೆಯಲ್ಲ? ಟಿವಿ ಆಫ್. ಕ್ರೀಸಿನಲ್ಲಿ ಉಳಿದವರು ಇಬ್ಬರು ಬೌಲರುಗಳು. ಒಬ್ಬರು ಬೆಂಗಳೂರಿನ ಅನಿಲ್ ಕುಂಬ್ಳೆ, ಇನ್ನೊಬ್ಬರು ಮೈಸೂರಿನ ಜಾವಗಲ್ ಶ್ರೀನಾಥ್. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಎಸ್.ಜೆ.ಸಿ.ಇ.ಯಲ್ಲಿ ಎಂಜಿನಿಯರಿಂಗ್ ಮಾಡಿದ ಹುಡುಗ. ಇಬ್ಬರೂ ಸೇರಿ ಮುರಿಯದ 52 ರನ್ ಹೊಡೆದು ಪಂದ್ಯ ಗೆಲ್ಲಿಸಿದರು. ಶ್ರೀನಾಥ್ 30, ಕುಂಬ್ಳೆ 16.

ಟಿವಿ ಆಫ್ ಮಾಡಿದವರು ಅದನ್ನು ಕಳಕೊಂಡರು. ಅಷ್ಟೇ, ಮುಗೀತು. ಇದೇ ನೋಡಿ ವ್ಯತ್ಯಾಸ. ಸಿನಿಮಾದಲ್ಲಿ ಎಂಟನೇ ವಿಕೆಟ್ ಬಿದ್ದಾಗ ಯಾರೂ ಎದ್ದು ಹೋಗಲ್ಲ. ಯಾಕಂದ್ರೆ ಹೀರೋ ಗೆಲ್ತಾನೆ ಅಂತ ನಮಗೆ ಗೊತ್ತು, ಟಿಕೆಟ್ ಕೊಂಡದ್ದೇ ಅದಕ್ಕೆ. ಆಟದಲ್ಲಿ ಆ ಗ್ಯಾರಂಟಿ ಇಲ್ಲ. ಗ್ಯಾರಂಟಿ ಇಲ್ಲದ ಕಡೆಯೂ ಕೂತು ಕಾಯೋದಿದೆಯಲ್ಲ, ಅದಕ್ಕೆ ನಂಬಿಕೆ ಅಂತಾರೆ. ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಸಿನಿಮಾ ಒಂದು ಸಿಮ್ಯುಲೇಷನ್. ಕಂಪ್ಯೂಟರಿನಲ್ಲಿ ಸೇತುವೆ ನಿಲ್ಲಿಸೋದು. ಆಟ ಅಂದ್ರೆ ಲೋಡ್ ಟೆಸ್ಟ್. ನಿಜವಾದ ಸೇತುವೆ ಮೇಲೆ ನಿಜವಾದ ಲಾರಿಗಳನ್ನು ನಿಲ್ಲಿಸಿ ನೋಡೋದು. ಸಿಮ್ಯುಲೇಷನ್ ಬೇಡ ಅಂತ ಯಾರೂ ಹೇಳಲ್ಲ. ಆದರೆ ಲೋಡ್ ಟೆಸ್ಟ್ ಆಗದ ಸೇತುವೆ ಮೇಲೆ ನಿಮ್ಮ ಮಕ್ಕಳನ್ನು ಕಳಿಸ್ತೀರಾ?

ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯ ಕುಸ್ತಿ ನೋಡಿದವರಿಗೆ ನಾನು ಹೇಳ್ತಿರೋದು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಕಪಿಲೆಯ ದಂಡೆ, ಮಟ್ಟಿಯ ಸುತ್ತ ಜನ. ನಮ್ಮ ನಾಡಕುಸ್ತಿಯಲ್ಲಿ ಮೊದಲೇ ಜೋಡಿ ಕಟ್ತಾರೆ. ಸರಿಸಮ ಇರುವವರನ್ನೇ ನೋಡಿ ಕಟ್ಟೋದು. ಬೆಟ್ಟದಂಥವನ ಎದುರು ಕಡ್ಡಿಯಂಥವನನ್ನು ನಿಲ್ಲಿಸಿ ತಮಾಷೆ ನೋಡಲ್ಲ. ಆದರೂ ಅಲ್ಲಿ ಪ್ರತಿ ಜೋಡಿಯಲ್ಲೂ ಅರ್ಧ ಜನಕ್ಕೆ ಒಬ್ಬ ಹೀರೋ, ಇನ್ನರ್ಧ ಜನಕ್ಕೆ ಇನ್ನೊಬ್ಬ. ಅವರವರ ಊರಿನ ಗರಡಿಯ ಹುಡುಗ. ವಿಲನ್ನೇ ಇಲ್ಲ! 2019ರ ‘ಪೈಲ್ವಾನ್’ ಸಿನಿಮಾದಲ್ಲಿ ಸುದೀಪ್ ಎದುರು ನಿಂತವನು ಸೋತರೆ ನಾವು ಶಿಳ್ಳೆ ಹೊಡೀತೀವಿ. ಸುತ್ತೂರಿನ ಮಟ್ಟಿಯಲ್ಲಿ ಬೆನ್ನು ಮಣ್ಣಿಗೆ ತಾಗಿಸಿಕೊಂಡು ಎದ್ದವನೂ ಯಾರದೋ ಮನೆ ಮಗ. ಮೈಗೆ ಮೆತ್ತಿದ ಮಣ್ಣನ್ನು ಕೊಡವಿಕೊಂಡು ಹೋಗ್ತಾನೆ, ಮುಂದಿನ ವರ್ಷ ಮತ್ತೆ ಬರ್ತಾನೆ. ಸೋಲೋದು ಹೇಗೆ ಅಂತ ಸಿನಿಮಾ ಕಲಿಸೋದು ಕಡಿಮೆ. ಮಟ್ಟಿ ಪ್ರತಿ ಜೋಡಿಯಲ್ಲೂ ಒಬ್ಬನಿಗೆ ಕಲಿಸುತ್ತೆ.

ಸೋಲಿನ ಮಾತು ಬಂದ ಮೇಲೆ ಹಾಕಿ ಬಗ್ಗೆ ಹೇಳಲೇಬೇಕು. 2007ರ ‘ಚಕ್ ದೇ ಇಂಡಿಯಾ’ದಲ್ಲಿ ನಮ್ಮ ಹುಡುಗಿಯರು ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಾ ಎದುರು ಹೀನಾಯವಾಗಿ ಸೋತು, ಕೊನೆಗೆ ಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವಕಪ್ ಎತ್ತುತ್ತಾರೆ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಿಜದ ತಂಡ ಏನು ಮಾಡಿತು? ಮೊದಲ ಮೂರು ಪಂದ್ಯ ಸೋತಿತು. ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ, ನಂಬ್ತೀರಾ, ಆಸ್ಟ್ರೇಲಿಯಾವನ್ನು 1-0ಯಿಂದ ಮನೆಗೆ ಕಳಿಸಿತು. ದೇಶಕ್ಕೆ ದೇಶವೇ ‘ಚಕ್ ದೇ’ ಅಂತ ಕೂಗಿತು. ಸಿನಿಮಾ ಆಗಿದ್ದರೆ ಅಲ್ಲಿಂದ ಚಿನ್ನಕ್ಕೆ ನೇರ ದಾರಿ. ನಿಜದಲ್ಲಿ ಸೆಮಿಫೈನಲ್ ಸೋತರು. ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು ಮುನ್ನಡೆ ಪಡೆದೂ 3-4ರಿಂದ ಸೋತರು. ಮೈದಾನದಲ್ಲೇ ಕೂತು ಅತ್ತರು. ನಾವೂ ಅತ್ತೆವು.

ಅವತ್ತು ನಾಲ್ಕನೇ ಸ್ಥಾನ. ಪದಕ ಇಲ್ಲ. ಆದರೂ ಆ ಪಂದ್ಯ ನಮ್ಮೊಳಗೆ ಉಳೀತು. ಆ ಕಣ್ಣೀರಿಗೆ ಗ್ಲಿಸರಿನ್ ಇರಲಿಲ್ಲ ನೋಡಿ.

ಹಾಗಾದ್ರೆ ಸಿನಿಮಾ ಬೇಡವಾ? ಅಲ್ಲಿಗೆ ಮಾತು ಮುಗಿಸಿದರೆ ಅನ್ಯಾಯ ಆಗುತ್ತೆ. ಸಿನಿಮಾ ಮಾಡೋ ಎರಡು ಕೆಲಸ ಆಟದ ಕೈಯಲ್ಲಿ ಆಗಲ್ಲ.

ಮೊದಲನೆಯದು, ನೆನಪು. 18 ಜೂನ್ 1983, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್. ಜಿಂಬಾಬ್ವೆ ಎದುರು ಭಾರತ 17 ರನ್‌ಗೆ 5 ವಿಕೆಟ್. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175. ಒಂಬತ್ತನೇ ವಿಕೆಟ್‌ಗೆ ಅವರ ಜೊತೆ ನಿಂತು 126 ರನ್‌ಗಳ ಜೊತೆಯಾಟ ಆಡಿದವರು ನಮ್ಮ ಸೈಯದ್ ಕಿರ್ಮಾನಿ, ಅವರದು 24. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ಆದರೆ ಜಿಂಬಾಬ್ವೆ ಪಂದ್ಯದ ವಿಡಿಯೋ ಇಲ್ಲ! ಇಷ್ಟು ದೊಡ್ಡ ಇನಿಂಗ್ಸು, ಚಿತ್ರವೇ ಇಲ್ಲ. 2021ರ ಕೊನೆಯಲ್ಲಿ ‘83’ ಸಿನಿಮಾ ಬಂದಾಗ ಮೊದಲ ಬಾರಿಗೆ ಒಂದು ತಲೆಮಾರು ಆ ಇನಿಂಗ್ಸನ್ನು ಕಣ್ಣಿಂದ ‘ನೋಡಿತು’. ರಣವೀರ್ ಸಿಂಗ್ ಹೊಡೆದದ್ದೇ ಕಪಿಲ್ ಹೊಡೆದದ್ದು ಅಂತ ನಂಬಿತು. ಆಟ ಕರಗಿಹೋದ ಕಡೆ ಸಿನಿಮಾ ನಿಂತಿತು.

ಸಿನಿಮಾ ಆಗದ ಆಟದ ಗತಿ ಏನು? ಇದನ್ನೂ ಕೇಳಿ. ರಣಜಿ ಟ್ರೋಫಿಯನ್ನು ಬಾಂಬೆ ತಂಡ ಸತತ 15 ವರ್ಷ ಗೆದ್ದಿತ್ತು. 1958-59ರಿಂದ 1972-73ರವರೆಗೆ. ಬೇರೆ ತಂಡಗಳೆಲ್ಲ ಬರೀ ಆಟಕ್ಕುಂಟು. 1973ರ ನವೆಂಬರ್ 1ಕ್ಕೆ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. ಅದೇ ಸೀಸನ್ನಿನಲ್ಲಿ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ಆ ಬಾಂಬೆಯನ್ನು ಮೊದಲ ಇನಿಂಗ್ಸ್ ಮುನ್ನಡೆಯಿಂದ ಹೊರಗೆ ಹಾಕಿತು. ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ. ಗವಾಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು, ವಾಡೇಕರ್ ರನೌಟ್. ಫೈನಲ್‌ನಲ್ಲಿ ರಾಜಸ್ಥಾನವನ್ನು ಮಣಿಸಿ ಟ್ರೋಫಿ ನಮ್ಮದಾಯಿತು. ಹೊಸ ಹೆಸರಿಟ್ಟುಕೊಂಡ ರಾಜ್ಯ, ಹದಿನೈದು ವರ್ಷದ ಸಾಮ್ರಾಜ್ಯ ಉರುಳಿಸಿದ ಕಥೆ. ಇದಕ್ಕಿಂತ ಸಿನಿಮಾ ಬೇಕಾ? ಆದರೆ ಇವತ್ತು ನಂಜನಗೂಡಿನ ಹತ್ತನೇ ಕ್ಲಾಸಿನ ಹುಡುಗನನ್ನು ಕೇಳಿ, ಚಂಪಾನೇರ್ ಪಂದ್ಯ ಗೊತ್ತು, ಬೆಂಗಳೂರಿನ ಪಂದ್ಯ ಗೊತ್ತಿಲ್ಲ. ನಡೆಯದ ಪಂದ್ಯ ಬಾಯಿಪಾಠ, ನಡೆದ ಪಂದ್ಯ ಮರೆವು. ಸಿನಿಮಾದ ಶಕ್ತಿ ಅಂದ್ರೆ ಅದು.

ಎರಡನೆಯದು, ಹಿನ್ನೆಲೆ. ಆಟ ನಮಗೆ 5 ನಿಮಿಷ 14 ಸೆಕೆಂಡು ತೋರಿಸುತ್ತೆ. ಅದರ ಹಿಂದಿನ ಹತ್ತಾರು ವರ್ಷ ತೋರಿಸಲ್ಲ. ಬಸ್ಸು ತಪ್ಪಿಸಿಕೊಂಡ ಸಂಜೆಗಳು, ಹೆಣ್ಣುಮಗಳು ಚಡ್ಡಿ ಹಾಕ್ಕೊಂಡು ಓಡ್ತಾಳೆ ಅಂತ ಅರಳಿಕಟ್ಟೆಯಲ್ಲಿ ಆಡಿಕೊಂಡ ಮಾತು, ಎಷ್ಟೋ ಊರಿನ ಎಷ್ಟೋ ಹುಡುಗಿಯರು ಇದನ್ನು ದಾಟಿಯೇ ಮೈದಾನಕ್ಕೆ ಬರ್ತಾರೆ. ಸ್ಕೋರ್ ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲ. ಒಂದು ಒಳ್ಳೆ ಸಿನಿಮಾ ಅದಕ್ಕೆ ಜಾಗ ಮಾಡಿಕೊಡುತ್ತೆ. ‘ದಂಗಲ್’ ಫೈನಲ್ಲನ್ನು ತಿರುಚಿರಬಹುದು, ಆದರೆ ಹೆಣ್ಣುಮಕ್ಕಳ ಕೂದಲು ಕತ್ತರಿಸುವ ಆ ದೃಶ್ಯ ನೋಡಿ ಎಷ್ಟು ಅಪ್ಪಂದಿರು ಸುಮ್ಮನೆ ಕೂತು ಯೋಚಿಸಿರಬಹುದು!

ಹಾಗಾಗಿ ನನ್ನ ತೀರ್ಪು ಇಷ್ಟು. ಸಿನಿಮಾ ಆಸೆ ಹುಟ್ಟಿಸುತ್ತೆ, ಆಟ ವಿಳಾಸ ಕೊಡುತ್ತೆ. ಸಿನಿಮಾ ನೋಡಿ ಬಂದ ಹುಡುಗಿ ‘ನಾನೂ ಹಾಗಾಗಬೇಕು’ ಅಂತಾಳೆ. ಆದರೆ ಎರಡು ದಿನ ಕಳೆದ ಮೇಲೆ ‘ಅದೆಲ್ಲಾ ಸಿನಿಮಾದಲ್ಲಿ ಕಣೆ’ ಅಂತ ಅವಳ ಅಜ್ಜಿ ಒಂದು ಮಾತು ಹೇಳಿದರೆ ಅವಳ ಹತ್ರ ಉತ್ತರ ಇಲ್ಲ. ಚೈತ್ರಾ ಆಟ ನೋಡಿದ ಹುಡುಗಿಗೆ ಉತ್ತರ ಇದೆ. ‘ಸಿನಿಮಾ ಅಲ್ಲ ಕಣಜ್ಜಿ, ಕುರುಬೂರು. ನರಸೀಪುರದ ಹತ್ರ. ಬಸ್ಸು ಹೋಗುತ್ತೆ.’ ಈ ಮಾತಿಗೆ ಯಾವ ಅಜ್ಜಿಯೂ ಎದುರು ಹೇಳೋಕೆ ಆಗಲ್ಲ.

ಆದರೆ ಆಟದ ಈ ಶಕ್ತಿ ಒಂದು ಕಡೆ ಬಂದು ನಿಂತುಬಿಡುತ್ತೆ. ಸಿನಿಮಾ ಮುಗಿಯೋದು ಕಪ್ ಎತ್ತಿದಾಗ. ತೆರೆ ಮೇಲೆ ಹೆಸರುಗಳು ಬರ್ತವೆ, ನಾವು ಮನೆಗೆ ಹೋಗ್ತೀವಿ. ನಿಜದ ಆಟಗಾರ್ತಿಗೆ ಮರುದಿನ ಬೆಳಗಾಗುತ್ತೆ. ಆ ಬೆಳಗಿನಲ್ಲಿ ಏನಾಯ್ತು?

ಅದೇ ಜನವರಿಯಲ್ಲಿ ಪುರುಷರ ತಂಡವೂ ನೇಪಾಳವನ್ನು 54-36ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ಗೌತಮ್ ಮತ್ತು ಚೈತ್ರಾ ಅವರಿಗೆ ತಲಾ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಅದೇ ತಂಡಗಳಲ್ಲಿ ಆಡಿದ ತನ್ನ ಆಟಗಾರರಿಗೆ ಮಹಾರಾಷ್ಟ್ರ ಕೊಡಲು ಹೊರಟದ್ದು ತಲಾ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ನೌಕರಿ. ನಮ್ಮ ಇಬ್ಬರೂ ಆ 5 ಲಕ್ಷವನ್ನು ಬೇಡ ಅಂದರು.

ಇಲ್ಲಿ ಸ್ವಲ್ಪ ನಿಲ್ಲಿ. ರೈತಾಪಿ ಮನೆಯ ಮಗಳಿಗೆ 5 ಲಕ್ಷ ಸಣ್ಣ ಮೊತ್ತ ಅಲ್ಲ. ಬೇಡ ಅನ್ನೋದು ಸುಲಭವೂ ಅಲ್ಲ. ದುಡ್ಡಿನ ಆಸೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಆಸೆ ಇದ್ದವರು ಸಿಕ್ಕಿದ್ದನ್ನ ಜೇಬಿಗೆ ಹಾಕ್ಕೊಳ್ತಾರೆ. ಒಂದೇ ಮ್ಯಾಟು, ಒಂದೇ ಜೆರ್ಸಿ, ಒಂದೇ ಕಪ್ಪು. ಗಡಿ ದಾಟಿದ ಕೂಡಲೇ ಬೆಲೆ ನಲವತ್ತೈದು ಪಟ್ಟು ವ್ಯತ್ಯಾಸ ಆಗೋದು ಹೇಗೆ? ಅವರು ಕೇಳಿದ್ದು ಇದೇ ಪ್ರಶ್ನೆ. ಆಟಕ್ಕೆ ನಾವು ಬೇಕು, ಲೆಕ್ಕಕ್ಕೆ ಯಾಕಿಲ್ಲ? ನೂರು ವರ್ಷದ ಹಿಂದೆ ಮಣ್ಣಿನ ಲೋಟ ಹಿಡಿದು ಪೆವಿಲಿಯನ್ ಹೊರಗೆ ನಿಂತ ಧಾರವಾಡದ ಬಾಲೂ ಬಾಯಿಬಿಟ್ಟು ಕೇಳೋಕೆ ಆಗದ ಪ್ರಶ್ನೆ. ಕಷ್ಟ ಬೇರೆ, ಕಾಲ ಬೇರೆ, ಅವಮಾನದ ಆಳವೂ ಬೇರೆ. ಪ್ರಶ್ನೆಯ ಧಾಟಿ ಮಾತ್ರ ಒಂದೇ.

ಬಹುಮಾನದ ಮೊತ್ತ ಎಷ್ಟಿರಬೇಕು ಅಂತ ಸರ್ಕಾರ, ಒಲಿಂಪಿಕ್ ಸಂಸ್ಥೆ, ಆಟಗಾರರು ಕೂತು ಮಾತಾಡಲಿ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಇದೆ. ಇವತ್ತು ಕುರುಬೂರಿನಲ್ಲಿ, ಸುತ್ತೂರಿನಲ್ಲಿ, ಕಪಿಲೆ ಕಾವೇರಿ ಸೇರುವ ನರಸೀಪುರದ ಸುತ್ತಮುತ್ತಲ ಊರುಗಳಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯರು ಸಾಲಾಗಿ ಕೂತು ಖೋ ಕೊಡ್ತಿದ್ದಾರೆ. ಅವರು ಮಣ್ಣಿನಲ್ಲಿ ಕಲೀತಾರೆ. ದೊಡ್ಡ ಟೂರ್ನಿ ನಡೆಯೋದು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಕಾಲು ಜಾರೋ ಲೆಕ್ಕವೇ ಬೇರೆ, ಮ್ಯಾಟಿನಲ್ಲಿ ಕಾಲು ಹಿಡಿಯೋ ಲೆಕ್ಕವೇ ಬೇರೆ. ತಾಲ್ಲೂಕಿಗೊಂದು ಮ್ಯಾಟು, ಶಾಲೆಗೊಬ್ಬ ಕಾಯಂ ದೈಹಿಕ ಶಿಕ್ಷಕ, ಸಂಜೆ ಅಭ್ಯಾಸ ಮುಗಿದ ಮೇಲೆ ಊರಿಗೆ ಹೋಗೋಕೆ ಒಂದು ಬಸ್ಸು. ಇದಿಷ್ಟು ಕೇಳೋದು ದುರಾಸೆನಾ? ಸಿನಿಮಾಗೆ ಸಬ್ಸಿಡಿ ಕೊಡೋ ರಾಜ್ಯ ನಮ್ಮದು. ಕೊಡಲಿ, ಬೇಡ ಅನ್ನಲ್ಲ. ಆದರೆ ತೆರೆ ಮೇಲೆ ಓಡೋ ಹುಡುಗಿಗೆ ಕೊಡೋ ಮನಸ್ಸು ಮಣ್ಣಿನಲ್ಲಿ ಓಡೋ ಹುಡುಗಿಯ ಮೇಲೂ ಇರಲಿ.

ನಿಮಗೂ ಒಂದು ಮಾತು. ಸರ್ಕಾರಕ್ಕೆ ಹೇಳಿ ನಿಮ್ಮನ್ನು ಬಿಟ್ಟರೆ ಹೇಗೆ? ಈ ಸಲ ನಿಮ್ಮೂರಿನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ನಡೆದಾಗ ಒಂದು ಅರ್ಧ ದಿನ ಹೋಗಿ ನಿಂತು ನೋಡಿ. ಅಲ್ಲಿ ಹಿನ್ನೆಲೆ ಸಂಗೀತ ಇರಲ್ಲ. ಸ್ಲೋ ಮೋಷನ್ ಇರಲ್ಲ. ಧೂಳು ಇರುತ್ತೆ, ಬಿಸಿಲು ಇರುತ್ತೆ, ಸುಣ್ಣದಲ್ಲಿ ಎಳೆದ ವಂಕಟಿಂಕ ಗೆರೆ ಇರುತ್ತೆ. ಗೆಲ್ಲೋದು ಯಾರು ಅಂತ ನಿಮಗೂ ಗೊತ್ತಿರಲ್ಲ, ಓಡೋ ಮಗುವಿಗೂ ಗೊತ್ತಿರಲ್ಲ. ಅವಳು ಓಡ್ತಾ ಓಡ್ತಾ ಒಂದು ಕ್ಷಣ ತಲೆ ಎತ್ತಿ ಗೆರೆಯಾಚೆ ನೋಡ್ತಾಳೆ, ತನ್ನನ್ನು ಯಾರಾದರೂ ನೋಡ್ತಿದ್ದಾರಾ ಅಂತ.

ಅಲ್ಲಿ ನೀವಿರಿ. ಲೆಕ್ಕ ಶುರುವಾಗೋದು ಅಲ್ಲಿಂದ.